ಚೆಂಡುಹೂವಿನ ಹಾರದ ಹಿಂದಿನ ಕಾರು: ಮೈಸೂರಿನ ಒಂದು ಆಯುಧಪೂಜೆ ಫೋಟೋ

ಫೋಟೋದಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಹೆಂಚಿನ ಮನೆ, ಅದರ ಮುಂದೆ ಜಗಲಿ. ಜಗಲಿಯ ಎದುರಿಗೆ ಟಾಪು ಮಡಚಿಟ್ಟ ತೆರೆದ ಕಾರು. ಎರಡೂ ಪಕ್ಕ ಬಾಳೆಕಂದು ಕಟ್ಟಿದ್ದಾರೆ, ಮೂತಿಗೆ ಚೆಂಡುಹೂವಿನ ದಪ್ಪ ಹಾರ ಬಿದ್ದಿದೆ. ನೆಲದ ಮೇಲೆ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಒಡೆಯೋದಕ್ಕೆ ಇಟ್ಟ ಬೂದುಗುಂಬಳಕಾಯಿ. ಸ್ಟೀರಿಂಗ್ ಹಿಡಿದು ಪೇಟ ಕಟ್ಟಿದ ಡ್ರೈವರ್ ಕೂತಿದ್ದಾನೆ. ಮುಂದೆ ಹಿರಿಯರೊಬ್ಬರು ಮಂಗಳಾರತಿ ಎತ್ತುತ್ತಿದ್ದಾರೆ, ಮೈಮೇಲೆ ಪಂಚೆ ಮತ್ತು ಜನಿವಾರ ಮಾತ್ರ. ಜಗಲಿಯ ಮೇಲೆ ಹೆಂಗಸರು, ಮಕ್ಕಳು, ಒಬ್ಬರ ಕಂಕುಳಲ್ಲಿ ಕೂಸು.

ಆಯುಧಪೂಜೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ಫೋಟೋ ಇಟ್ಟುಕೊಂಡಿರುವ ಮನೆಯವರ ಹೇಳಿಕೆ ಹೀಗಿತ್ತು: ಇದು 1913ರ ಫೋಟೋ, ಕಾರು ಅರಮನೆಯ ರೋಲ್ಸ್ ರಾಯ್ಸ್, ಮುತ್ತಾತನ ಮೇಲಿನ ಅಭಿಮಾನಕ್ಕೆ ಅವತ್ತು ಮನೆ ಬಾಗಿಲಿಗೆ ಬಂದಿತ್ತು. ಮುತ್ತಾತ ಮೈಸೂರಿನಲ್ಲಿ ಗುಮಾಸ್ತರಾಗಿದ್ದವರು. ಗುಮಾಸ್ತರ ಮನೆಗೆ ಅರಮನೆ ಗಾಡಿ ಪೂಜೆಗೆ ಬರುತ್ತದಾ, ಅದೂ ಅರಮನೆಯಲ್ಲೇ ಆಯುಧಪೂಜೆ ನಡೆಯೋ ದಿನ? ನನಗೆ ಅಲ್ಲೇ ಅನುಮಾನ. ಮೈಸೂರಿನಲ್ಲಿ ಹಳೇ ಕಾರಿನ ಫೋಟೋ ಸಿಕ್ಕಿದರೆ ಅದು ಅರಮನೆಯದ್ದು, ಅರಮನೆಯದ್ದಾದರೆ ರೋಲ್ಸ್, ಹೀಗೇ ಮಾತು ಹೋಗುತ್ತದೆ. ಅರಮನೆಯಲ್ಲಿ ರೋಲ್ಸ್ ಇದ್ದದ್ದು ನಿಜ. ಹಾಗಂತ ಊರಲ್ಲಿ ಓಡಾಡಿದ ಗಾಡಿಗಳೆಲ್ಲ ರೋಲ್ಸ್ ಆಗೋಲ್ಲ, ಅಲ್ವಾ?

ಈ ಫೋಟೋ ಕಷ್ಟ ಆಗಿದ್ದಕ್ಕೆ ಕಾರಣ ಪೂಜೆಯೇ. ಹಳೇ ಕಾರು ಗುರುತಿಸುವವರು ಮೊದಲು ನೋಡೋದು ರೇಡಿಯೇಟರ್ ಆಕಾರ, ಅದರ ಮೇಲಿನ ಬಿಲ್ಲೆ, ಆಮೇಲೆ ನಂಬರ್ ಪ್ಲೇಟು. ಇಲ್ಲಿ ರೇಡಿಯೇಟರ್ ಹಾರದ ಹಿಂದೆ. ನಂಬರ್ ಪ್ಲೇಟೂ ಹಾರದ ಹಿಂದೆ. ಹೆಡ್‌ಲೈಟ್ ಅರ್ಧ ಬಾಳೆ ಎಲೆಯ ಹಿಂದೆ. ಬೇರೆ ದೇಶದವರು ಬರೆದಿಟ್ಟ ಗುರುತಿಸುವ ಕ್ರಮಗಳಲ್ಲಿ ಈ ಸಮಸ್ಯೆಯ ಮಾತೇ ಬರೋಲ್ಲ, ಅವರ ಕಾರುಗಳಿಗೆ ಯಾರೂ ಹೂವಿನ ಹಾರ ಹಾಕುತ್ತಿರಲಿಲ್ಲವಲ್ಲ.

ನನ್ನ ಕೈಗೆ ಮೊದಲು ಬಂದದ್ದು ಮೊಬೈಲಿನಲ್ಲಿ ಯಾವುದೋ ಆ್ಯಪ್‌ಗೆ ಹಾಕಿ ಬಣ್ಣ ತುಂಬಿಸಿ, "ಚೆನ್ನಾಗಿ ಕಾಣೋ ಹಾಗೆ" ಮಾಡಿದ್ದ ಪ್ರತಿ. ಅದನ್ನು ನೋಡಿದ ಕೂಡಲೇ ಪಕ್ಕಕ್ಕೆ ಇಟ್ಟೆ. ಆ ಆ್ಯಪ್ ಹಾರದ ಹೂಗಳನ್ನು ರೇಡಿಯೇಟರಿನ ಜಾಲರಿ ಅಂತ ತಿಳಿದು, ಉದ್ದುದ್ದ ಪಟ್ಟಿಗಳನ್ನು ಅದೇ ಬರೆದುಬಿಟ್ಟಿತ್ತು. ರೋಲ್ಸ್ ಅನ್ನೋ ಮಾತಿಗೆ ಮನೆಯ ಹುಡುಗರು ತೋರಿಸುತ್ತಿದ್ದ ಸಾಕ್ಷಿ ಅದೇ ಪಟ್ಟಿಗಳು! ಕಾರು ಗುರುತಿಸಬೇಕಾದರೆ ಇಂಥ ಪ್ರತಿಗಳು ವಿಷ. ಇಲ್ಲದ್ದನ್ನು ಇದೆ ಅಂತ ತೋರಿಸುತ್ತವೆ, ಅದೂ ಬಹಳ ಧೈರ್ಯವಾಗಿ.

ಮೂಲ ಪ್ರಿಂಟು ಮನೆಯಲ್ಲೇ ಇತ್ತು. ಹಾಫ್ ಪ್ಲೇಟ್ ಅಳತೆ, ಅಂದರೆ ಹೆಚ್ಚುಕಡಿಮೆ ಆರೂವರೆಗೆ ನಾಲ್ಕೂಮುಕ್ಕಾಲು ಇಂಚು. ಆ ಕಾಲದಲ್ಲಿ ಗಾಜಿನ ನೆಗೆಟಿವನ್ನು ಕಾಗದದ ಮೇಲೆ ನೇರ ಒತ್ತಿ ಅದೇ ಅಳತೆಗೆ ಪ್ರಿಂಟ್ ತೆಗೆಯುತ್ತಿದ್ದರು, ದೊಡ್ಡದು ಮಾಡುತ್ತಿರಲಿಲ್ಲ. ಅದಕ್ಕೇ ಇಂಥ ಪ್ರಿಂಟುಗಳಲ್ಲಿ ಕಣ್ಣಿಗೆ ಕಾಣದ ವಿವರ ಜಾಸ್ತಿ ಇರುತ್ತದೆ. ಹೆಚ್ಚು ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿದರೆ ಚಕ್ರದ ಬೋಲ್ಟು ಕೂಡ ಎಣಿಸಬಹುದು. ಇದರಲ್ಲಿ ಮಾತ್ರ ಎಲ್ಲಾ ಅಂಚುಗಳೂ ಸ್ವಲ್ಪ ಮಂಕಾಗಿದ್ದವು. ಅದು ಯಾಕೆ ಅಂತ ಆಮೇಲೆ ಗೊತ್ತಾಯಿತು.

ಫೋಟೋದಲ್ಲಿ ಸ್ಟೀರಿಂಗ್ ಎಡಕ್ಕಿತ್ತು. ಅದನ್ನೇ ಹಿಡಿದುಕೊಂಡರೆ ಅಮೆರಿಕದಲ್ಲೇ ಓಡಿಸೋಕೆ ಮಾಡಿದ ಗಾಡಿ ಅನ್ನಬೇಕಾಗುತ್ತದೆ. ಆದರೆ ಕಾರಿಗಿಂತ ಮೊದಲು ಜನರನ್ನು ನೋಡಿ. ಮಂಗಳಾರತಿ ಎತ್ತುತ್ತಿರುವ ಹಿರಿಯರ ಎಡಗೈಯಲ್ಲಿ ಆರತಿ ಇದೆ, ಬಲಗೈಯಲ್ಲಿ ಗಂಟೆ. ಹೀಗೆ ಯಾರಾದರೂ ಮಾಡುತ್ತಾರಾ? ಜನಿವಾರ ಬಲ ಹೆಗಲಿಂದ ಎಡ ಸೊಂಟಕ್ಕೆ ಇಳಿದಿದೆ. ಅದು ಅಪಸವ್ಯ, ತಿಥಿಯ ದಿನ ಪಿತೃಗಳಿಗೆ ಮಾಡುವಾಗ ಹಾಕಿಕೊಳ್ಳುವ ಕ್ರಮ. ಆಯುಧಪೂಜೆ ದಿನ ಅಂಥ ಹಿರಿಯರು ಜನಿವಾರ ಹಾಗೆ ಹಾಕಿಕೊಂಡು ಆರತಿ ಎತ್ತಿದ್ದರು ಅಂದರೆ ನಾನು ನಂಬೋಲ್ಲ. ಅಂದಮೇಲೆ ಫೋಟೋನೇ ಉಲ್ಟಾ. ಗಾಜಿನ ಪ್ಲೇಟನ್ನು ಹಿಂದುಮುಂದು ಇಟ್ಟು ಪ್ರಿಂಟ್ ತೆಗೆದರೆ ಎಡ ಬಲ ಅದಲುಬದಲಾಗುತ್ತದೆ. ಚಿತ್ರ ಇರುವ ಪದರಕ್ಕೂ ಕಾಗದಕ್ಕೂ ನಡುವೆ ಗಾಜಿನ ದಪ್ಪ ಸೇರಿಕೊಳ್ಳೋದರಿಂದ ಅಂಚುಗಳೂ ಮಂಕಾಗುತ್ತವೆ. ಮಂಕಿಗೂ ಕಾರಣ ಸಿಕ್ಕಿತು, ಸ್ಟೀರಿಂಗಿಗೂ ಸಿಕ್ಕಿತು. ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಸ್ಕ್ಯಾನನ್ನು ತಿರುಗಿಸಿದೆ, ಸ್ಟೀರಿಂಗ್ ನಮ್ಮ ರಸ್ತೆಗೆ ಬೇಕಾದ ಹಾಗೆ ಬಲಕ್ಕೆ ಬಂತು.

ಸುಮ್ನೆ ಒಂದು ಮಾತು: ಇಂಥ ಕೆಲಸಕ್ಕೆ ಸೀರೆಯ ಸೆರಗನ್ನು ಮಾತ್ರ ನಂಬಿಕೊಂಡು ಕೂರಬೇಡಿ. ಕೊಡಗಿನ ಸೀರೆಯಲ್ಲಿ ಸೆರಗು ಬಲ ಹೆಗಲಿಗೆ ಬರುತ್ತದೆ, ಕಚ್ಚೆ ಸೀರೆ ಉಡುವ ಕೆಲವು ಮನೆತನಗಳಲ್ಲೂ ಎಡ ಬಲದ ಕ್ರಮ ಬೇರೆ. ಗಂಡಸರ ಕೋಟಿನ ಗುಂಡಿ, ಜನಿವಾರ, ಆರತಿ ಹಿಡಿದ ಕೈ, ಅಂಗಡಿ ಬೋರ್ಡಿದ್ದರೆ ಅದರ ಅಕ್ಷರ, ಇವು ವಾಸಿ.

ಇನ್ನು ರೋಲ್ಸ್ ವಿಚಾರ. ರೇಡಿಯೇಟರ್ ಕಾಣದಿದ್ದರೂ ಗಾತ್ರ ಸುಳ್ಳು ಹೇಳೋಲ್ಲ. ಹಳೇ ಟೈರುಗಳ ಅಳತೆಯಲ್ಲಿ ಮೊದಲ ಸಂಖ್ಯೆ ಟೈರಿನ ಹೊರಗಿನ ಎತ್ತರ. 30 ಗುಣಿಸು ಮೂರೂವರೆ ಅಂದರೆ 30 ಇಂಚು ಎತ್ತರ, ಮೂರೂವರೆ ಇಂಚು ದಪ್ಪ. ಹಾಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಚಕ್ರದ ಎಷ್ಟು ಪಟ್ಟು ಅಂತ ಲೆಕ್ಕ ಹಾಕಿದರೆ ಗಾಡಿಯ ಅಂದಾಜು ಸಿಗುತ್ತದೆ. ಇಲ್ಲಿ ಒಂದು ತೊಡಕಿದೆ. ಕಾರು ಓರೆಯಾಗಿ ನಿಂತಿದ್ದರೆ ಚಕ್ರಗಳ ನಡುವಿನ ದೂರ ಕುಗ್ಗಿ ಕಾಣುತ್ತದೆ, ಚಕ್ರದ ಎತ್ತರ ಕುಗ್ಗೋಲ್ಲ. ಅದಕ್ಕೇ ಎತ್ತರದ ಜೊತೆ ಹೋಲಿಸಬಾರದು. ಓರೆಯಾಗಿ ನಿಂತ ಚಕ್ರ ಮೊಟ್ಟೆಯಾಕಾರಕ್ಕೆ ಕಾಣುತ್ತದಲ್ಲ, ಅದರ ಅಗಲ ಅಳೆಯಬೇಕು. ದೂರ ಎಷ್ಟು ಪಾಲು ಕುಗ್ಗಿದೆಯೋ ಅಗಲವೂ ಅಷ್ಟೇ ಪಾಲು ಕುಗ್ಗಿರುತ್ತದೆ. ಹಿಂದಿನ ಚಕ್ರವನ್ನೇ ತೆಗೆದುಕೊಳ್ಳಿ, ಮುಂದಿನದು ಸ್ಟೀರಿಂಗ್ ತಿರುಗಿಸಿದ್ದರೆ ಮೋಸ ಮಾಡುತ್ತದೆ.

ಅಳೆದರೆ ಮೂರೂಕಾಲರಿಂದ ಮೂರೂವರೆ ಪಟ್ಟಿನ ನಡುವೆ ಬಂತು. ಆ ಕಾಲದ ರೋಲ್ಸ್ ಸಿಲ್ವರ್ ಘೋಸ್ಟ್ ಗಾಡಿಗೆ ಚಕ್ರಗಳ ನಡುವೆ 143 ಇಂಚಿಗೂ ಜಾಸ್ತಿ, ಟೈರು 895 ಮಿಲಿಮೀಟರ್, ಅಂದರೆ ಸುಮಾರು 35 ಇಂಚು. ಅಂದರೆ ನಾಲ್ಕು ಪಟ್ಟನ್ನು ದಾಟುತ್ತದೆ. ಓರೆ ಕೋನದಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಇಷ್ಟೊಂದು ಆಗೋಲ್ಲ. ಸಾಲದ್ದಕ್ಕೆ ಬಾನೆಟ್ ಎಷ್ಟು ಗಿಡ್ಡ ಅಂದರೆ ಡ್ರೈವರಿನ ಮುಂದೆ ಗಾಡಿಯೇ ಇಲ್ಲವೇನೋ ಅನ್ನಿಸುತ್ತದೆ. ರೋಲ್ಸ್ ಅಲ್ಲ. ಅದರ ಜೊತೆಗೆ ದೊಡ್ಡ ಅಮೆರಿಕನ್ ಗಾಡಿಗಳೂ ಹೋದವು.

ಉಳಿದವು ಸಣ್ಣ ಗಾಡಿಗಳು. ಇಲ್ಲಿ ಅಳತೆ ಕೈಕೊಡುತ್ತದೆ. ಫೋರ್ಡ್ ಮಾಡೆಲ್ ಟಿ ಗಾಡಿಗೆ 100 ಇಂಚು, ಓವರ್‌ಲ್ಯಾಂಡ್ ಫೋರ್ ಗಾಡಿಗೂ 100 ಇಂಚು, ಷೆವರ್ಲೆ 490ಕ್ಕೆ 102. ಮೂರಕ್ಕೂ ಹೆಚ್ಚುಕಡಿಮೆ 30 ಇಂಚಿನ ಟೈರು. ಫೋಟೋದ ಮೇಲೆ ಸ್ಕೇಲಿಟ್ಟು ಇವುಗಳನ್ನು ಬೇರೆ ಮಾಡುತ್ತೇನೆ ಅನ್ನುವವರು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ.

ಬೇರೆ ಮಾಡಿದ್ದು ಕೆಳಗಿನ ಕಮಾನು ಪಟ್ಟಿ, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗು. ಹಾರ ಎಷ್ಟೇ ದಪ್ಪ ಇದ್ದರೂ ಮುಂದಿನ ಅಚ್ಚಿನ ತನಕ ಇಳಿದಿರಲಿಲ್ಲ. ಹಾರದ ಕೆಳಗೆ, ಚೊಂಬಿನ ಹಿಂದೆ, ಕೈಯಿಂದ ಸುತ್ತಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ನೇತಾಡುತ್ತಿದೆ. ಅದರ ಹಿಂದೆಯೇ ಒಂದು ಕಪ್ಪು ಬಿಲ್ಲು ಒಂದು ಚಕ್ರದ ಕಡೆಯಿಂದ ಇನ್ನೊಂದು ಚಕ್ರದ ಕಡೆಗೆ ಅಡ್ಡಡ್ಡಲಾಗಿ ಹೋಗಿದೆ. ನಡುವೆ ಎತ್ತರ, ತುದಿಗಳು ಕೆಳಗಿಳಿದು ಅಚ್ಚಿಗೆ ಸೇರಿವೆ. ಹತ್ತಿರದಿಂದ ನೋಡಿದರೆ ಪಟ್ಟಿಗಳು ಒಂದರ ಮೇಲೊಂದು ಜೋಡಿಸಿರೋದೂ ತಿಳಿಯುತ್ತದೆ. ಇದು ಅಡ್ಡ ಕಮಾನು. ಆಗಿನ ಬಹುತೇಕ ಕಾರುಗಳಿಗೆ ಮುಂದೆ ಎರಡು ಕಮಾನು, ಗಾಡಿಯ ಉದ್ದಕ್ಕೆ, ಎಡಕ್ಕೊಂದು ಬಲಕ್ಕೊಂದು. ಅವುಗಳನ್ನು ಹಿಡಿಯೋದಕ್ಕೆ ಚಾಸಿಯ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿನ, ಎರಡು ಕೊಂಬು ರೇಡಿಯೇಟರ್‌ಗಿಂತ ಮುಂದಕ್ಕೆ ಚಾಚಿರುತ್ತವೆ. ಈ ಗಾಡಿಗೆ ಆ ಕೊಂಬೇ ಇಲ್ಲ. ಷೆವರ್ಲೆ 490ರಲ್ಲಿ ಕಾಲುಭಾಗದ ತುಂಡು ಕಮಾನು, ಅದೂ ಉದ್ದಕ್ಕೆ. ಓವರ್‌ಲ್ಯಾಂಡ್ ಫೋರ್‌ನಲ್ಲಿ ಕಮಾನುಗಳು ಮೂಲೆಯಿಂದ ಓರೆಯಾಗಿ ಹೋಗುತ್ತವೆ, 1919ರಲ್ಲಿ ಅದನ್ನೇ ದೊಡ್ಡ ವಿಶೇಷ ಅಂತ ಹೇಳಿ ಮಾರಿದ್ದರು. ಒಂದೇ ಅಡ್ಡ ಕಮಾನು ಅಂದರೆ ಫೋರ್ಡ್ ಟಿ, ಆಮೇಲೆ ಬಂದ ಫೋರ್ಡ್ ಎ, ಇಲ್ಲವೇ ಬ್ರಿಟನ್ನಿನ ಪುಟಾಣಿ ಆಸ್ಟಿನ್ ಸೆವೆನ್. ಆಸ್ಟಿನ್ ಗಾಡಿಗೆ ಚಕ್ರಗಳ ನಡುವೆ ಬರೀ 75 ಇಂಚು, ತಂತಿ ಚಕ್ರ. ಫೋರ್ಡ್ ಎ ಕೂಡ ತಂತಿ ಕಡ್ಡಿಯ ಚಕ್ರದ್ದೇ. ನಮ್ಮ ಗಾಡಿಯ ಚಕ್ರಕ್ಕೆ ದಪ್ಪ ಮರದ ಕಡ್ಡಿಗಳು, ಎಣಿಸಿದರೆ ಹನ್ನೆರಡು.

ಫೋರ್ಡ್ ಮಾಡೆಲ್ ಟಿ. 1908ರ ಅಕ್ಟೋಬರಿನಿಂದ 1927ರ ಮೇ ತನಕ ಸುಮಾರು ಒಂದೂವರೆ ಕೋಟಿ ಮಾಡಿದ ಗಾಡಿ. ಮನೆಯವರ ಮುಖ ಸ್ವಲ್ಪ ಸಪ್ಪಗಾಯಿತು.

ನನಗಂತೂ ಇದು ರೋಲ್ಸ್‌ಗಿಂತ ಸ್ವಾರಸ್ಯದ ಗಾಡಿ ಅನ್ನಿಸಿತು. ಸ್ಟೀರಿಂಗ್ ಬಲಕ್ಕಿರೋದು ಇನ್ನೊಂದು ಕಥೆ ಹೇಳುತ್ತದೆ. ಅಮೆರಿಕದ ಮಾಡೆಲ್ ಟಿ ಎಡಗಡೆ ಸ್ಟೀರಿಂಗಿನದ್ದು. ಬ್ರಿಟಿಷ್ ಆಳ್ವಿಕೆಯ ನಾಡುಗಳ ಮಾರುಕಟ್ಟೆ ಫೋರ್ಡ್ ಕೆನಡಾದ ಪಾಲಿಗಿತ್ತು, ಒಂಟಾರಿಯೋದ ಕಾರ್ಖಾನೆಯಲ್ಲಿ ಬಲಗಡೆ ಸ್ಟೀರಿಂಗ್ ಹಾಕಿ ಹಡಗಿಗೇರಿಸುತ್ತಿದ್ದರು. ಮ್ಯಾಂಚೆಸ್ಟರಿನಲ್ಲೂ 1911ರಿಂದ ಬಲಗಡೆ ಸ್ಟೀರಿಂಗಿನ ಗಾಡಿ ಜೋಡಿಸುತ್ತಿದ್ದರು, ಅದು ಬ್ರಿಟನ್ನಿಗೆ. ಇನ್ನೊಂದು ಗುರುತು ಬಾಗಿಲು. ಆ ವರ್ಷಗಳ ಅಮೆರಿಕದ ತೆರೆದ ಗಾಡಿಗಳಲ್ಲಿ ಡ್ರೈವರ್ ಕಡೆ ಮುಂದಿನ ಬಾಗಿಲು ಸುಳ್ಳು ಬಾಗಿಲು, ತಗಡಿನ ಮೇಲೆ ಒತ್ತಿದ ಗೆರೆ ಅಷ್ಟೇ. ಕೆನಡಾ ಗಾಡಿಗಳಲ್ಲಿ ಅದು ತೆರೆಯುವ ಬಾಗಿಲು. ಈ ಫೋಟೋದಲ್ಲಿ ಡ್ರೈವರಿನ ಬಾಗಿಲು ಚೂರು ತೆರೆದೇ ಇದೆ, ಸಂದಿಯ ಕಪ್ಪು ಗೆರೆ ಸ್ಪಷ್ಟವಾಗಿದೆ.

ಈಗ ವರ್ಷ. 1916ರ ಮಧ್ಯದ ತನಕ ಮಾಡೆಲ್ ಟಿ ರೇಡಿಯೇಟರ್ ಹಿತ್ತಾಳೆಯದ್ದು. ಆಮೇಲೆ ಕಪ್ಪು ಬಣ್ಣದ ಕವಚ ಬಂತು, ಬಾನೆಟ್ಟೂ ಮುಂಚಿನ ಹಾಗೆ ಮೂಲೆ ಮೂಲೆಯಾಗಿರದೆ ದುಂಡಗಾಯಿತು. ಹಾರದ ಪಕ್ಕದಲ್ಲಿ ರೇಡಿಯೇಟರಿನ ಒಂದು ಅಂಚು ಕಾಣುತ್ತದೆ, ಕಪ್ಪಗಿದೆ. ಹಾಗಂತ ಕಪ್ಪಗೆ ಕಂಡದ್ದೆಲ್ಲ ಕಪ್ಪೇ ಅಂತ ಹಳೇ ಫೋಟೋಗಳಲ್ಲಿ ಹೇಳೋ ಹಾಗಿಲ್ಲ. ಆಗಿನ ಸಾಮಾನ್ಯ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ, ಹಳದಿಯೂ ಒಂದಿಷ್ಟು ಮಂಕಾಗಿ ಬರುತ್ತಿತ್ತು. ಈ ಪ್ಲೇಟೂ ಅಂಥದ್ದೇ ಅನ್ನೋದಕ್ಕೆ ಹೆಂಗಸರ ಹಣೆಯ ಕುಂಕುಮ ನೋಡಿ, ಇದ್ದಿಲಿನ ಬೊಟ್ಟು ಇಟ್ಟ ಹಾಗಿದೆ. ಅಂದರೆ ಕಾರಿನ ಮೈ ಕೆಂಪಿದ್ದರೂ ಕಪ್ಪಗೇ ಕಾಣುತ್ತಿತ್ತು. ಹಿತ್ತಾಳೆಯ ಪ್ರಶ್ನೆ ಬಗೆಹರಿಸಿದ್ದು ಪೂಜೆಯ ಚೊಂಬು. ರೇಡಿಯೇಟರಿನಿಂದ ಒಂದೆರಡು ಅಡಿ ದೂರದಲ್ಲಿದೆ, ಅದೇ ಬಿಸಿಲು, ಅದೇ ಪ್ಲೇಟು. ಚೊಂಬಿನ ಹೊಟ್ಟೆಯ ಮೇಲೆ ಆಕಾಶದ ಬೆಳಕು ಬಿಳಿಯಾಗಿ ಹೊಳೆಯುತ್ತಿದೆ. ರೇಡಿಯೇಟರ್ ಅಂಚಿನಲ್ಲಿ ಆ ಹೊಳಪು ಒಂದು ಚುಕ್ಕೆಯಷ್ಟೂ ಇಲ್ಲ. ಆಯುಧಪೂಜೆಗೆ ಅಂತ ಗಾಡಿ ತೊಳೆದು ಉಜ್ಜಿರುತ್ತಾರೆ, ಹಿತ್ತಾಳೆ ಇದ್ದಿದ್ದರೆ ಹುಣಸೇಹಣ್ಣು ಹಾಕಿ ಚೊಂಬಿನ ಹಾಗೇ ಬೆಳಗಿರುತ್ತಿದ್ದರು. ಹಾಗಾಗಿ ಗಾಡಿ 1916ರ ಕೊನೆಯ ನಂತರದ್ದು. 1913 ಅಲ್ಲಿಗೆ ಬಿತ್ತು.

ಮೇಲಿನ ಮಿತಿ? ಕಾರಿನ ಮುಂದಿನ ಗಾಜಿನ ಎರಡೂ ಪಕ್ಕ ಸೀಮೆಎಣ್ಣೆ ದೀಪಗಳಿವೆ. ಇವು ಕರೆಂಟ್ ಸ್ಟಾರ್ಟರ್ ಇಲ್ಲದ ಗಾಡಿಗೆ ಬರುತ್ತಿದ್ದವು. ಅಂಥ ಗಾಡಿಯಲ್ಲಿ ಹೆಡ್‌ಲೈಟ್ ಉರಿಯೋದು ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋದಿಂದ, ಎಂಜಿನ್ ನಿಧಾನವಾದರೆ ಬೆಳಕೂ ಸಣ್ಣಗಾಗುತ್ತದೆ, ನಿಂತರೆ ಕತ್ತಲೆ. ಅದಕ್ಕೇ ಎಣ್ಣೆದೀಪ. ಸ್ಟಾರ್ಟರ್ 1919ರಲ್ಲಿ ಬಂದರೂ ಇಲ್ಲದ ಗಾಡಿಯನ್ನು ಆಮೇಲೂ ಕಡಿಮೆ ಬೆಲೆಗೆ ಮಾರುತ್ತಿದ್ದರು, ಹಾಗಾಗಿ ದೀಪದಿಂದ ವರ್ಷ ಸಿಗೋಲ್ಲ. ರೇಡಿಯೇಟರ್ ಕೆಳಗೆ ತಗಡಿನ ಏಪ್ರನ್ ಇಲ್ಲ. 1923ರ ನಡುವಿನಲ್ಲಿ ರೇಡಿಯೇಟರ್ ಎತ್ತರವಾಗಿ ಕೆಳಗೆ ಆ ತಗಡು ಬಂತು. ಅದಿದ್ದಿದ್ದರೆ ಅಡ್ಡ ಕಮಾನು ಇಷ್ಟು ಬಿಡುವಾಗಿ ಕಾಣುತ್ತಿರಲಿಲ್ಲ. ಗಾಜು ನೆಟ್ಟಗೆ ನಿಂತಿದೆ, ಓರೆಯಾಗಿಲ್ಲ. ಇದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕಂದರೆ ಗಾಜು, ಟಾಪು ಇಂಥವುಗಳಲ್ಲಿ ಅಮೆರಿಕದ ವರ್ಷವಾರು ಪಟ್ಟಿ ಕೆನಡಾ ಗಾಡಿಗೆ ಹಾಗೇ ಹೊಂದೋಲ್ಲ. ಒಟ್ಟಿನಲ್ಲಿ 1917ರಿಂದ 1923ರ ಒಳಗಿನ ಗಾಡಿ. ಇದಕ್ಕಿಂತ ಬಿಗಿಯಾಗಿ ಈ ಫೋಟೋದಿಂದ ಹೇಳಬಾರದು.

ಇಲ್ಲೇ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಗಾಡಿ 1920ರ ಆಸುಪಾಸಿನದ್ದು, ಅಂದಮೇಲೆ ಫೋಟೋನೂ 1920. ಹಾಗಲ್ಲ. ಗಾಡಿ ಹೇಳೋದು "ಇದಕ್ಕಿಂತ ಮುಂಚೆ ಅಲ್ಲ" ಅಂತ ಮಾತ್ರ. ನಮ್ಮಲ್ಲಿ ಒಂದು ಕಾರನ್ನು ಹತ್ತು ಹದಿನೈದು ವರ್ಷ ಎಳೆಯೋದು, ಕೈಯಿಂದ ಕೈಗೆ ಮಾರೋದು, ಕೊನೆಗೆ ಮೇಲ್ಭಾಗ ಕಿತ್ತು ಬಸ್ಸೋ ಲಾರಿಯೋ ಮಾಡೋದು ಹೊಸದೇನಲ್ಲ. ಫೋಟೋದ ಕಾಲ ತಿಳಿಯಬೇಕಾದರೆ ಅದರಲ್ಲಿರುವ ಎಲ್ಲಕ್ಕಿಂತ ಹೊಸ ವಸ್ತುವನ್ನು ಹುಡುಕಬೇಕು.

ಅದು ಅಂಚಿನಲ್ಲಿತ್ತು. ಹಳೇ ಫ್ರೇಮಿನ ಕೆಳಗೆ ಮುಚ್ಚಿಹೋಗಿದ್ದ ಭಾಗದಲ್ಲಿ, ಪಕ್ಕದ ಮನೆಯ ಮುಂದೆ ನಿಂತ ಇನ್ನೊಂದು ಕಾರಿನ ಮುಂದಿನ ಚಕ್ರ, ಮಡ್‌ಗಾರ್ಡಿನ ತುದಿ, ಒಂದು ಚೂರು ಬಂಪರ್. ಟೈರು ನಮ್ಮ ಫೋರ್ಡಿನದ್ದಕ್ಕಿಂತ ಎಷ್ಟೋ ದಪ್ಪ. ಕಡಿಮೆ ಗಾಳಿ ಹಿಡಿಯುವ ಈ ಬಲೂನ್ ಟೈರುಗಳು ಮಾರುಕಟ್ಟೆಗೆ ಬಂದದ್ದು 1923ರ ಆಸುಪಾಸಿನಲ್ಲಿ, ಎಲ್ಲಾ ಕಡೆ ಹಬ್ಬಿದ್ದು ಅದರ ಮುಂದಿನ ವರ್ಷಗಳಲ್ಲಿ. ಇನ್ನೂ ಒಂದು: ಆ ಮುಂದಿನ ಚಕ್ರದ ಹಿಂದೆ ದುಂಡಗಿನ ಬ್ರೇಕ್ ಡ್ರಮ್ ಇದೆ. ಮಾಡೆಲ್ ಟಿ ಗಾಡಿಗೆ ಮುಂದಿನ ಚಕ್ರದಲ್ಲಿ ಬ್ರೇಕೇ ಇರಲಿಲ್ಲ. ಅಮೆರಿಕದಲ್ಲಿ ಬ್ಯೂಕ್ 1924ರ ಮಾಡೆಲಿಗೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಟ್ಟಿತು. ಅಗ್ಗದ ಗಾಡಿಗಳಿಗೆ ಅದು ಬಂದದ್ದು ಇನ್ನೂ ತಡವಾಗಿ, ಫೋರ್ಡಿಗೆ 1927ರ ಡಿಸೆಂಬರಿನ ಮಾಡೆಲ್ ಎ ಜೊತೆ, ಷೆವರ್ಲೆಗೆ 1928ರಲ್ಲಿ. ಆ ಕಾರು ಯಾವುದು ಅಂತ ಹೇಳೋಷ್ಟು ಭಾಗ ಕಾಣೋಲ್ಲ, ಹೇಳೋ ಅಗತ್ಯವೂ ಇಲ್ಲ. ಫೋಟೋದ ಕಾಲ 1920ರ ದಶಕದ ಕೊನೆಗೋ ಅದರಾಚೆಗೋ ಸರಿಯಿತು, ಅಷ್ಟು ಸಾಕು.

ಹಾಗಾದರೆ ಮನೆಯವರಿಗೆ 1913 ಎಲ್ಲಿಂದ ಬಂತು? ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಸಂವತ್ಸರದ ಹೆಸರು, ಆಶ್ವಯುಜ ಶುದ್ಧ ನವಮಿ ಅಂತ ಬರೆದಿದೆ. ಬರಹ ಮುತ್ತಾತನದ್ದೇ, ಮನೆಯ ಲೆಕ್ಕದ ಪುಸ್ತಕದ ಅಕ್ಷರದ ಜೊತೆ ಹೊಂದುತ್ತದೆ. ಸಂವತ್ಸರದ ಹೆಸರಿನಲ್ಲಿ "ಪ್ರಮ" ಅನ್ನೋಷ್ಟು ಉಳಿದಿದೆ, ಮಿಕ್ಕದ್ದು ಉಜ್ಜಿಹೋಗಿದೆ. ಯಾರೋ ಅದನ್ನು ಪ್ರಮಾದೀಚ ಅಂತ ಓದಿ ಪಂಚಾಂಗದ ಪಟ್ಟಿ ನೋಡಿ 1913 ಅಂದಿದ್ದಾರೆ. ಲೆಕ್ಕ ಸರಿ, ಓದು ಅನುಮಾನ. "ಪ್ರಮ" ಅಂತ ಶುರುವಾಗುವ ಸಂವತ್ಸರ ಇನ್ನೂ ಎರಡಿವೆ. ಪ್ರಮೋದೂತ ಅಂದರೆ 1930, ಪ್ರಮಾಥಿ ಅಂದರೆ 1939. ಅರವತ್ತು ವರ್ಷಕ್ಕೊಮ್ಮೆ ಇವೇ ಹೆಸರು ತಿರುಗಿ ಬರುತ್ತವೆ, ಈ ಫೋಟೋಗೆ ಆ ಸುತ್ತಿನ ಗೊಂದಲ ಇಲ್ಲ. 1913ನ್ನು ಕಾರುಗಳೇ ತೆಗೆದುಹಾಕಿದವು. ಉಳಿದದ್ದು 1930 ಅಥವಾ 1939.

ಇವೆರಡರ ನಡುವೆ ಕಾರು ತೀರ್ಪು ಕೊಡೋಲ್ಲ. 1939ರಲ್ಲೂ ಒಂದು ಹಳೇ ಫೋರ್ಡ್ ಓಡುತ್ತಿದ್ದಿರಬಹುದು. ಕೊಟ್ಟದ್ದು ಕಂಕುಳಿನ ಕೂಸು. ಅದು ಮನೆಯ ಅಜ್ಜಿ ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ, ಎತ್ತಿಕೊಂಡಿರುವವರು ಅವರ ತಾಯಿ. ಅಜ್ಜಿಯ ಜಾತಕದಲ್ಲಿ ಶುಕ್ಲ ಸಂವತ್ಸರ ಅಂತ ಇದೆ, ಅಂದರೆ 1929ರ ಯುಗಾದಿಯಿಂದ 1930ರ ಯುಗಾದಿಯ ಒಳಗೆ ಹುಟ್ಟಿದ್ದು. 1930ರ ನವರಾತ್ರಿಗೆ ಕಂಕುಳಲ್ಲಿ ಕೂರುವ ವಯಸ್ಸು. 1939ಕ್ಕೆ ಹತ್ತು ವರ್ಷದ ಹುಡುಗಿ ಆಗಿರಬೇಕಿತ್ತು. 1913ಕ್ಕೆ ಹುಟ್ಟೇ ಇರಲಿಲ್ಲ! ಕಾರು ಯಾವುದು ಅನ್ನೋ ಜಗಳದಲ್ಲಿ ಇದನ್ನು ಯಾರೂ ಗಮನಿಸಿರಲಿಲ್ಲ ಅನ್ನೋದು ತಮಾಷೆ.

ಗಾಡಿ ಮುತ್ತಾತನದ್ದೇ ಇರಬಹುದಾ? 1930ಕ್ಕೆ ಅದು ಕನಿಷ್ಠ ಏಳು ವರ್ಷ ಹಳೇದು, ಮಾಡೆಲ್ ಟಿ ತಯಾರಿಕೆಯೇ ನಿಂತು ಮೂರು ವರ್ಷ ಆಗಿತ್ತು. ಸೆಕೆಂಡ್ ಹ್ಯಾಂಡ್ ಫೋರ್ಡ್ ಒಬ್ಬ ಗುಮಾಸ್ತರ ಮನೆಯ ಅಳತೆಗೆ ಮೀರಿದ್ದೇನಲ್ಲ. ಬಾಡಿಗೆಗೆ ಬಿಡುತ್ತಿದ್ದ ಗಾಡಿಯೂ ಆಗಿರಬಹುದು. ಡ್ರೈವರ್ ಇದ್ದಾನೆ, ಜೊತೆಗೆ ಫುಟ್‌ಬೋರ್ಡಿನ ಮೇಲೆ ಸಾಮಾನು ಬೀಳದ ಹಾಗೆ ಕಟ್ಟಿದ ಕಂಬಿ ಇದೆ. ನಾನು ಬಾಡಿಗೆ ಗಾಡಿ ಅನ್ನೋ ಕಡೆಗೇ ಜಾಸ್ತಿ ವಾಲುತ್ತೇನೆ. ಲೆಕ್ಕದ ಪುಸ್ತಕದಲ್ಲಿ ಆ ವರ್ಷಗಳ ಪೆಟ್ರೋಲ್, ಟೈರು, ಡ್ರೈವರ್ ಸಂಬಳದ ಖರ್ಚು ಬರೆದಿದೆಯಾ ನೋಡಿ ಅಂತ ಮನೆಯವರಿಗೆ ಹೇಳಿದ್ದೇನೆ. ಪುಸ್ತಕ ಈಗ ಮಂಡ್ಯದಲ್ಲಿರುವ ಅವರ ಅತ್ತೆಯ ಮನೆಯಲ್ಲಿದೆ, ತರಿಸಬೇಕು.

ಸದ್ಯಕ್ಕೆ ಫೋಟೋವನ್ನು ಸರಿಯಾದ ಕಡೆಗೆ ತಿರುಗಿಸಿ ಹೊಸ ಪ್ರಿಂಟ್ ಹಾಕಿಸಿದ್ದಾರೆ. ಅಂಚಿನ ಚಕ್ರ ಈ ಸಲ ಫ್ರೇಮಿನ ಹೊರಗೆ ಹೋಗದ ಹಾಗೆ ಬಿಟ್ಟಿದ್ದಾರೆ. ಕೆಳಗೆ ಬರೆಸಿರೋದು: "ಆಯುಧಪೂಜೆ, ಪ್ರಮೋದೂತ ಸಂವತ್ಸರ, 1930. ಫೋರ್ಡ್ ಮಾಡೆಲ್ ಟಿ, ಕೆನಡಾ ತಯಾರಿ, 1917–23." ಮನೆಯ ದೊಡ್ಡಪ್ಪ ಮಾತ್ರ ಬಂದವರಿಗೆಲ್ಲ ಇನ್ನೂ ರೋಲ್ಸ್ ಅಂತಲೇ ತೋರಿಸುತ್ತಾರೆ.